ಟಾಪಿಲ್ಲದ ಕಾರು

ಮನೆಯಂಗಳದಲ್ಲಿ ಹಳೆಯ ಕಾರೊಂದನ್ನು ಬಿಚ್ಚಿ ಹರಡಿಕೊಂಡು ಕುಳಿತವನನ್ನು ನೋಡಲು ಬರುವವರಲ್ಲಿ ಎರಡು ಪಂಗಡ. "ಎಷ್ಟು ಕೊಡತ್ತೆ?" ಎಂದು ಕೇಳುವವರು ಒಂದು ಪಂಗಡ, "ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳುವವರು ಇನ್ನೊಂದು. ಮೊದಲಿನವರ ದೃಷ್ಟಿಯಲ್ಲಿ ಕಾರು ಹಸುವಿನ ಜಾತಿಗೆ ಸೇರಿದ್ದು. ಲೀಟರಿನ ಲೆಕ್ಕದಲ್ಲೇ ಅದರ ಗುಣಾವಗುಣ ತೀರ್ಮಾನವಾಗಬೇಕು. ಚಕ್ರ ನಾಲ್ಕನ್ನೂ ಕಳಚಿ, ಎಂಜಿನ್ನನ್ನು ಹಲಗೆಯ ಮೇಲೆ ಕೂರಿಸಿ, ಬರಿಯ ಎಲುಬಿನ ಗೂಡಾಗಿ ಮರದ ದಿಮ್ಮಿಗಳ ಮೇಲೆ ನಿಂತಿರುವ ಪದಾರ್ಥ ಲೀಟರಿಗೆ ಎಷ್ಟು ಕೊಟ್ಟೀತು? ಆದರೂ ಕೇಳುತ್ತಾರೆ. ಎರಡನೆಯವರು ಹೆಚ್ಚು ವ್ಯವಹಾರಸ್ಥರು. ಮೂರನೆಯ ಪಂಗಡವೂ ಒಂದಿದೆ. ಅದಕ್ಕೆ ಒಬ್ಬರೇ ಸದಸ್ಯರು. ಅವರು ನಮ್ಮ ಮನೆಯೊಳಗೇ ಇದ್ದಾರೆ. ಅವರ ಪ್ರಶ್ನೆ, "ಯಾವಾಗ ಮುಗಿಯತ್ತೆ?"

ಮೂರು ಪ್ರಶ್ನೆಗಳಿಗೂ ನನ್ನ ಬಳಿ ಉತ್ತರವಿಲ್ಲ. ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಕಾರು 1963ನೆಯ ಇಸವಿಯ ಸ್ಟ್ಯಾಂಡರ್ಡ್ ಹೆರಾಲ್ಡ್. ಈಗಿನ ಹುಡುಗರು ಅದರ ಹೆಸರನ್ನೂ ಕೇಳಿರಲಾರರು. ಒಂದು ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಅಂಬಾಸಿಡರ್, ಫಿಯಟ್, ಹೆರಾಲ್ಡ್ ಎಂಬ ಮೂರೇ ಜಾತಿಯ ಕಾರುಗಳು ಕಣ್ಣಿಗೆ ಬೀಳುತ್ತಿದ್ದುವು. ಅಂಬಾಸಿಡರ್ ಕಲ್ಕತ್ತೆಯ ಕಡೆಯದು, ಫಿಯಟ್ ಮುಂಬಯಿಯದು, ಹೆರಾಲ್ಡ್ ನಮ್ಮ ನೆರೆಯ ಮದರಾಸಿನದು. ಅಂಬಾಸಿಡರು ಸಂಸಾರವಂದಿಗ, ಫಿಯಟ್ಟು ಮಿತವ್ಯಯಿ. ಹೆರಾಲ್ಡು ಸ್ವಲ್ಪ ಶೋಕಿಯದು. ಅದರ ರೂಪರೇಖೆ ಬರೆದವರು ಇಟಲಿಯ ಟ್ಯೂರಿನ್ ನಗರದ ಜೊವಾನ್ನಿ ಮಿಕೆಲೊಟ್ಟಿ ಎಂಬವರು. ಬ್ರಿಟನ್ನಿನ ಕವೆಂಟ್ರಿಯಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಈ ಕಾರನ್ನು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರಿನಿಂದ ತಯಾರಿಸತೊಡಗಿದರು. 948 ಸಿ.ಸಿ. ಎಂಜಿನ್ನು, ಎರಡೇ ಬಾಗಿಲು, ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಸಣ್ಣಗೆ ಮೇಲೆದ್ದ ಎರಡು ಅಂಚು. ಇಪ್ಪತ್ತೈದು ಅಡಿಯ ಜಾಗ ಸಿಕ್ಕರೆ ಸಾಕು, ಎತ್ತಿನಗಾಡಿಯನ್ನೂ ನಾಚಿಸುವಂತೆ ಪೂರ್ತಿ ತಿರುಗಿ ನಿಲ್ಲುತ್ತದೆ.

ಅದರ ಬೇರೊಂದು ಗುಣ ಈ ಕಥೆಗೆ ಮುಖ್ಯ. ಹೆರಾಲ್ಡು ಪೂರ್ತಿ ಬೋಲ್ಟಿನ ಕಾರು. 1953ರಲ್ಲಿ, ಕವೆಂಟ್ರಿಯ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿಯಾದ ಬಿ.ಎಂ.ಸಿ.ಯವರು ಕೊಂಡುಬಿಟ್ಟರು. ಇಡೀ ಬಾಡಿಯನ್ನು ಒಂದೇ ಚಿಪ್ಪಿನಂತೆ ಒತ್ತಿಕೊಡುವವರು ಸಿಗದೆ, ಇವರು ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಹಳೆಯ ಕಾಲದ ಹಾಗೆ ಕೆಳಗೊಂದು ಗಟ್ಟಿ ಚಾಸಿ ಇಟ್ಟು, ಅದರ ಮೇಲೆ ತುಂಡುಗಳನ್ನೆಲ್ಲ ಬೋಲ್ಟು ಹಾಕಿ ಕೂಡಿಸಿದರು. ಬಡವನ ಉಪಾಯ. ಆದರೆ ನನ್ನಂಥ ಮನೆಯ ಮೆಕ್ಯಾನಿಕ್ಕಿಗೆ ಇದಕ್ಕಿಂತ ಭಾಗ್ಯ ಬೇರೆ ಬೇಡ. ಎರಡು ಕೊಂಡಿ ಬಿಡಿಸಿದರೆ ಮಡ್‌ಗಾರ್ಡು, ದೀಪ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಟೈರಿನ ಮೇಲೆ ಕುಳಿತು ಎಂಜಿನ್ನಿನ ಕೆಲಸ ಮಾಡಬಹುದು. ನಡುವಿನ ತೊಟ್ಟಿ ಬೇರೆ, ಹಿಂದಿನ ತೊಟ್ಟಿ ಬೇರೆ. ಟಾಪು, ಹಿಂದಿನ ಗಾಜು ಸಮೇತ, ಬೇರೆಯೇ ಒಂದು ತುಂಡು. ಅದರ ಬೋಲ್ಟುಗಳನ್ನು ಬಿಚ್ಚಿ ಇಬ್ಬರು ಆಚೆ ಈಚೆ ಹಿಡಿದರೆ, ಡಬ್ಬಿಯ ಮುಚ್ಚಳದಂತೆ ಎತ್ತಿ ಇಡಬಹುದು.

ನಮ್ಮ ತಂದೆಯವರು 1966ರ ಬೇಸಗೆಯಲ್ಲಿ ಎತ್ತಿ ಇಟ್ಟರು.

ಅವರು ತೀರ್ಥಹಳ್ಳಿಯಲ್ಲಿ ವೈದ್ಯರಾಗಿದ್ದರು. ನಮ್ಮ ತಾಯಿಯ ತವರು ಘಾಟಿಯ ಕೆಳಗೆ ಹೆಬ್ರಿಯ ಹತ್ತಿರ. ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ತಲುಪಿ, ಅಲ್ಲಿಂದ ಹಾವಿನಂತೆ ಸುತ್ತಿ ಸುತ್ತಿ ಇಳಿಯುವ ಘಾಟಿಯಲ್ಲಿ ಸೋಮೇಶ್ವರಕ್ಕೆ ಬಂದರೆ ಮುಂದೆ ಹೆಬ್ರಿ. ದಾರಿ ದೊಡ್ಡದಲ್ಲ. ಆದರೆ ಅಮ್ಮನಿಗೆ ಮುಚ್ಚಿದ ಕಾರು ಆಗುತ್ತಿರಲಿಲ್ಲ. ಪೆಟ್ರೋಲಿನ ವಾಸನೆ, ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ, ಅದರ ಮೇಲೆ ಘಾಟಿಯ ತಿರುವು. ಮೂರನೆಯ ತಿರುವಿಗೆ ಕಾರು ನಿಲ್ಲಿಸಲೇಬೇಕು. ಕೈಯಲ್ಲಿ ಹಿಡಿದ ನಿಂಬೆಹಣ್ಣು, ಸೆರಗಿನಲ್ಲಿ ಕಟ್ಟಿಕೊಂಡ ಏಲಕ್ಕಿ, ತಂದೆಯವರ ಔಷಧದ ಪೆಟ್ಟಿಗೆ ಯಾವುದೂ ನಾಟಲಿಲ್ಲ. ಕಾರು ಬಂದ ಮೇಲೆ ಮೂರು ವರ್ಷ ಅಮ್ಮ ಬಸ್ಸಿನಲ್ಲೇ ತವರಿಗೆ ಹೋಗಿಬರುತ್ತಿದ್ದರಂತೆ, ಕಿಟಕಿಯ ಪಕ್ಕದ ಸೀಟು ಹಿಡಿದು. ಮನೆಯ ಬಾಗಿಲಲ್ಲಿ ಕಾರು ನಿಂತಿರುವಾಗ ಡಾಕ್ಟರ ಹೆಂಡತಿ ಬಸ್ಸಿಗೆ ಕಾಯುತ್ತಾರೆಂದರೆ ಊರು ಸುಮ್ಮನಿರುತ್ತದೆಯೇ? ತಂದೆಯವರು ಒಂದು ಭಾನುವಾರ ಕಾಂಪೌಂಡರನ್ನು ಕರೆದು, ಇಬ್ಬರೂ ಸೇರಿ ಟಾಪು ಬಿಚ್ಚಿ ಅಟ್ಟಕ್ಕೆ ಹಾಕಿದರು. ಅದಕ್ಕೂ ಮೊದಲೇ, 1960ರಲ್ಲಿ, ಬ್ರಿಟನ್ನಿನ ಕಂಪನಿ ಬಟ್ಟೆಯ ಹುಡ್ಡಿನ ಹೆರಾಲ್ಡನ್ನು ಮಾರತೊಡಗಿತ್ತು. ಅದು ತಂದೆಯವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ತೀರ್ಥಹಳ್ಳಿಗೆ ಅದನ್ನು ತರಿಸುವವರು ಯಾರು? ಶಿವಮೊಗ್ಗದಲ್ಲಿ ಕುಷನ್ ಕೆಲಸದವನೊಬ್ಬನಿಂದ ದಪ್ಪ ಕ್ಯಾನ್‌ವಾಸಿನ ಹುಡ್ಡು ಹೊಲಿಸಿ, ಕಬ್ಬಿಣದ ಬಳೆಗಳ ಮೇಲೆ ಅದನ್ನು ಎಳೆದು ಕಟ್ಟುವಂತೆ ಮಾಡಿಸಿದರು.

ನನಗೆ ಆಗ ಐದು ವರ್ಷ. ನನ್ನ ನೆನಪಿನಲ್ಲಿರುವುದು ಟಾಪಿಲ್ಲದ ಕಾರೇ. ಹಿಂದಿನ ಸೀಟಿನಲ್ಲಿ ನಿಂತುಕೊಂಡು, ಮುಂದೆ ಎಡಗಡೆ ಕುಳಿತ ಅಮ್ಮನ ತುರುಬಿನಿಂದ ಸುರಗಿ ಹೂವಿನ ಮಾಲೆ ಗಾಳಿಗೆ ಬಿಚ್ಚಿಕೊಳ್ಳುವುದನ್ನು ನೋಡುತ್ತಾ ಘಾಟಿ ಇಳಿದದ್ದು. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನಾದ ಅಣ್ಣನಿಗೆ ಮಾತ್ರ ಟಾಪಿದ್ದ ಕಾರು ಗೊತ್ತು. ಅದು ಲಾರಿಯ ಧೂಳಿನಲ್ಲಿ, ಹೊಚ್ಚಹೊಸದಾಗಿ, ಮನೆಯ ಮುಂದೆ ಬಂದು ನಿಂತ ದಿವಸ ಅವನಿಗೆ ಹನ್ನೊಂದು ವರ್ಷ. ಒಂದೇ ಕಾರು; ಆದರೆ ನಾವಿಬ್ಬರು ಕಂಡದ್ದು ಎರಡು.

ಮಲೆನಾಡಿನಲ್ಲಿ ಕ್ಯಾನ್‌ವಾಸಿನ ಹುಡ್ಡು ಕಟ್ಟಿಕೊಂಡು ಓಡಾಡುವುದೆಂದರೇನೆಂದು ಬಯಲುಸೀಮೆಯ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಮೈಸೂರಿನಲ್ಲಿ ಅದರ ಎಂಟನೆಯ ಒಂದು ಪಾಲು ಬಿದ್ದರೆ ನಾವು "ಈ ಸಲ ಒಳ್ಳೇ ಮಳೆ" ಎನ್ನುತ್ತೇವೆ. ಅಂಥ ಕಡೆ ಹೊಲಿಗೆಯ ತೂತುಗಳಿಂದ ನೀರು ಇಳಿಯದೆ ಬಿಟ್ಟೀತೆ? ಇಳಿದ ನೀರು ಕಾರಿನ ನೆಲದ ಮೇಲೆ ಹಾಸಿದ ನಾರಿನ ಚಾಪೆಗೆ ಹೋಗಿ ಸೇರುತ್ತಿತ್ತು. ಕಬ್ಬಿಣ ನೆನೆದು ಒಣಗಿದರೆ ಅಷ್ಟು ಹಾನಿಯಿಲ್ಲ. ನೀರು ನಿಲ್ಲಬಾರದು. ನಿಂತ ನೀರು, ಅದರ ಜೊತೆಗೆ ಗಾಳಿ, ಎರಡೂ ಸಿಕ್ಕಿದರೆ ಕಬ್ಬಿಣ ಮೆಲ್ಲಗೆ ತನ್ನ ಅದಿರಿನ ಸ್ಥಿತಿಗೆ ಮರಳುತ್ತದೆ. ಹಾಗೆ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಎರಡು ತಗಡುಗಳ ನಡುವೆ ಸೇರಿಕೊಂಡು ಬೆಣೆಯಂತೆ ಅವನ್ನು ಬಿಡಿಸುತ್ತದೆ. ಅದೇ ಮಲೆನಾಡಿನ ಕೊಡಚಾದ್ರಿಯಲ್ಲಿ, ಆದಿಮೂಕಾಂಬಿಕೆಯ ಗುಡಿಯ ಬಳಿ, ಒಂದು ಕಬ್ಬಿಣದ ಕಂಬ ಬಹುಕಾಲದಿಂದ ಆಕಾಶಕ್ಕೆ ತಲೆಕೊಟ್ಟು ನಿಂತಿದೆ. ಲೋಹಶಾಸ್ತ್ರಜ್ಞರು ಹೋಗಿ ಪರೀಕ್ಷೆ ಮಾಡಿ ಬೆರಗಾಗಿ ಬಂದಿದ್ದಾರೆ. ಅದನ್ನು ಕುಲುಮೆಯಲ್ಲಿ ತಟ್ಟಿದವರ ಹೆಸರು ಯಾರಿಗೂ ತಿಳಿಯದು. ಕಾರ್ಖಾನೆಯಲ್ಲಿ ಒತ್ತಿದ ಇಪ್ಪತ್ತು ಗೇಜಿನ ತಗಡಿಗೆ ಆ ಪುಣ್ಯವಿಲ್ಲ.

1971ರಲ್ಲಿ ತಂದೆಯವರು ನಮ್ಮ ಓದಿಗಾಗಿ ಮೈಸೂರಿಗೆ ಬಂದರು, ಕಾರೂ ಬಂತು. ಟಾಪು ಊರಿನ ಅಟ್ಟದಲ್ಲೇ ಉಳಿಯಿತು. ಅಮ್ಮ 1984ರಲ್ಲಿ ತೀರಿಕೊಂಡರು. ಅದಾದ ಐದು ವರ್ಷಕ್ಕೆ ತಂದೆಯವರು ಕಾರು ಓಡಿಸುವುದನ್ನು ಬಿಟ್ಟು, ಸರಸ್ವತೀಪುರದ ಮನೆಯ ಹಿತ್ತಲಿನ ಷೆಡ್ಡಿನಲ್ಲಿ ಅದನ್ನು ನಿಲ್ಲಿಸಿದರು. ಅವರು 1998ರಲ್ಲಿ ಹೋದರು. ಮರುವರ್ಷ ಪಾಲುಪಾರೀಖತ್ತು ಆಯಿತು. ತೋಟದ ಅಡಕೆಮರಗಳ ಲೆಕ್ಕ, ಹಿತ್ತಾಳೆಯ ಹಂಡೆಗಳ ಲೆಕ್ಕ, ಕೊನೆಗೆ ಬೆತ್ತದ ಕುರ್ಚಿಗಳ ಲೆಕ್ಕವೂ ಪಾರೀಖತ್ತಿನಲ್ಲಿ ಸೇರಿತು. ಕಾರಿನ ಹೆಸರು ಮಾತ್ರ ಇಲ್ಲ. ಯಾರಿಗೂ ಅದು ಆಸ್ತಿಯೆಂದು ತೋರಲಿಲ್ಲ. ಆಸ್ತಿಯೆಂದು ತೋರಿದ ಒಂದು ಎಕರೆ ತೋಟದ ನೀರಿನ ವಿಚಾರದಲ್ಲಿ ಅಣ್ಣನಿಗೂ ನನಗೂ ಮಾತು ಬೆಳೆಯಿತು. ಆಮೇಲೆ ಮಾತು ನಿಂತಿತು. ಮದುವೆ ಮುಂಜಿಗಳಲ್ಲಿ ಎದುರಾದಾಗ "ಊಟ ಆಯ್ತಾ?" ಎಂದು ಕೇಳಿಕೊಳ್ಳುವಷ್ಟು ಉಳಿದಿತ್ತು. ಅದೂ ಇಬ್ಬರ ಊಟವೂ ಆಗಿರುವುದನ್ನು ಕಂಡ ಮೇಲೆ.

ನಿವೃತ್ತನಾದ ಮೇಲೆ ನಾನು ಷೆಡ್ಡಿನ ಬಾಗಿಲು ತೆಗೆದೆ.

ಬಿಚ್ಚುವ ಕೆಲಸದಲ್ಲಿ ಒಂದು ಸುಖವಿದೆ. ಅದನ್ನು ಅನುಭವಿಸಿದವರೇ ಬಲ್ಲರು. ಮೊದಲು ಬೇಕಾದದ್ದು ಇಂಚಿನ ಸ್ಪ್ಯಾನರು. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಮಿಲಿಮೀಟರಿನದು. ಅರ್ಧ ಇಂಚಿನ ಬೋಲ್ಟಿಗೆ 13ರ ಸ್ಪ್ಯಾನರು ಕೂತ ಹಾಗೆ ಕಾಣುತ್ತದೆ. ಬಲಹಾಕಿ ತಿರುಗಿಸಿದರೆ ಜಾರಿ ಬೋಲ್ಟಿನ ಮೂಲೆಗಳನ್ನೆಲ್ಲ ಸವೆಸಿ ಬಿಡುತ್ತದೆ. ತಂದೆಯವರ ಸ್ಪ್ಯಾನರುಗಳು ಊರಿನಲ್ಲಿದ್ದುವು. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಹೊಸದೊಂದು ಜೋಡಿ ತಂದೆ. ಸಂಜೆ ಬೋಲ್ಟುಗಳಿಗೆಲ್ಲ ಎಣ್ಣೆ ಬಿಡುವುದು, ಬೆಳಿಗ್ಗೆ ಕಾಫಿಯಾದ ಮೇಲೆ ಹೋಗಿ ಯಾರ ಮನಸ್ಸು ಕರಗಿದೆಯೆಂದು ಒಬ್ಬೊಬ್ಬರನ್ನೇ ವಿಚಾರಿಸುವುದು. ಕೆಲವರು ಮೂರು ದಿನಕ್ಕೆ ಒಲಿದರು. ಕೆಲವರು ಹದಿನೈದು ದಿನ ತೆಗೆದುಕೊಂಡರು. ಒಲಿಯದವರ ತಲೆಯನ್ನು ಗರಗಸದಿಂದ ಕೊಯ್ಯಬೇಕಾಯಿತು. ಕಳಚಿದ ಒಂದೊಂದನ್ನೂ ಖಾಲಿ ಡಬ್ಬಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ನಮ್ಮ ಅಡಿಗೆಮನೆಯಲ್ಲಿ ಈಗ ಸಾರಿನಪುಡಿಗೆ ಡಬ್ಬವಿಲ್ಲ.

ತಗಡಿನ ಕೆಲಸ ನನ್ನ ಕೈಯಲ್ಲಾಗುವುದಲ್ಲ. ಅದಕ್ಕೆ ಮಂಡಿ ಮೊಹಲ್ಲದಿಂದ ಒಬ್ಬ ಟಿಂಕರಿಂಗ್ ಭಾಯಿ ಬರುತ್ತಾರೆ. ಎಪ್ಪತ್ತು ವರ್ಷ, ಕಣ್ಣು ಮಂಜು. ಆದರೆ ಅಂಗೈಯನ್ನು ತಗಡಿನ ಮೇಲೆ ಹಗುರವಾಗಿ ಎಳೆದರೆ, ಪುಟ್ಟಿಯ ಕೆಳಗೆ ಎಲ್ಲಿ ಕಬ್ಬಿಣವಿದೆ, ಎಲ್ಲಿ ಬರಿ ಸುಳ್ಳಿದೆ ಎಂದು ಹೇಳಬಲ್ಲರು. ಪುಟ್ಟಿ ಎಂದರೆ ಅವರಿಗೆ ಆಗುವುದಿಲ್ಲ. "ಪುಟ್ಟಿ ಹಚ್ಚೋದು ಮದುವೆಗೆ ಮುಂಚೆ ಪೌಡರ್ ಹಚ್ಚಿದಂಗೆ ಸಾರ್, ಆಮೇಲೆ ಜಗಳ" ಎನ್ನುತ್ತಾರೆ. ಸುತ್ತಿಗೆಯ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋದರು. ನಡುವಿನ ಎರಡು ದೊಡ್ಡ ತೊಲೆಗಳು ಗಂಟೆಯಂತೆ ದನಿಕೊಟ್ಟುವು. ಅಂಚಿಗೆ ಚಾಚಿದ ಕೈಗಳು ಮಾತ್ರ ಹಪ್ಪಳದಂತೆ ಮುರಿದುವು. "ನಡುವಿಂದು ಯಾಕೆ ಉಳೀತು ಹೇಳಿ ಸಾರ್?" ಎಂದು ಕೇಳಿ, ಉತ್ತರವನ್ನೂ ತಾವೇ ಕೊಟ್ಟರು. "ಎಂಜಿನ್ನು ಗೇರ್‌ಬಾಕ್ಸು ಅಷ್ಟು ವರ್ಷ ಎಣ್ಣೆ ಸೋರಿಸಿವೆ. ಸೋರದೆ ಇದ್ದಿದ್ರೆ ಗಾಡಿ ಹೋಗ್ತಿತ್ತು."

ಮುಂದಿನ ಚಕ್ರಗಳ ಬಳಿ, ಚಕ್ರ ತಿರುಗುವ ಕೀಲಿನ ಬುಡದಲ್ಲಿ, ಟ್ರನಿಯನ್ ಎಂಬ ಕಂಚಿನ ಭಾಗವೊಂದಿದೆ. ಅದಕ್ಕೆ ಗ್ರೀಸು ತುಂಬಬಾರದು. ಗೇರ್‌ಬಾಕ್ಸಿಗೆ ಹಾಕುವಂಥ ದಪ್ಪ ಎಣ್ಣೆಯನ್ನೇ ಬಿಡಬೇಕು. ಗ್ರೀಸು ತುಂಬಿದರೆ ಅದು ಒಳಗಿನ ಮರೆಗಳ ತಳದವರೆಗೆ ಹೋಗದೆ, ನೀರು ಸೇರಿ, ಕಬ್ಬಿಣದ ಕಡ್ಡಿ ಸವೆದು, ಒಂದು ದಿನ ತಿರುವಿನಲ್ಲಿ ಚಕ್ರ ಮಗುಚಿ ಬೀಳುತ್ತದೆ. ತಂದೆಯವರು ಕಾರಿನ ಕೈಪುಸ್ತಕದಲ್ಲಿ ಆ ಜಾಗದಲ್ಲಿ 'ಎಣ್ಣೆ' ಎಂಬ ಪದದ ಕೆಳಗೆ ಕೆಂಪು ಶಾಯಿಯಿಂದ ಎರಡು ಗೆರೆ ಎಳೆದಿದ್ದಾರೆ. ರೋಗಿಗೆ ಬರೆದುಕೊಟ್ಟ ಚೀಟಿಯಲ್ಲಿ 'ಊಟದ ನಂತರ' ಎಂಬುದರ ಕೆಳಗೆ ಎಳೆಯುತ್ತಿದ್ದಂಥವೇ ಗೆರೆಗಳು. ಕೀಲು ಬಿಚ್ಚಿ ನೋಡಿದೆವು. ಮರೆಗಳು ಹೊಳೆಯುತ್ತಿದ್ದುವು.

ನೆಲದ ತಗಡಿನ ಸ್ಥಿತಿ ಬೇರೆ. ಬಲಗಡೆ, ಚಾಲಕನ ಕಾಲ ಕೆಳಗೆ, ಅಲ್ಲಲ್ಲಿ ತೂತು. ಎಡಗಡೆ ನೆಲವೇ ಇಲ್ಲ. ಕೊಳೆತ ಚಾಪೆಯನ್ನು ಎತ್ತಿದರೆ ಹಿತ್ತಲಿನ ಮಣ್ಣು ಕಾಣಿಸಿತು. "ಈ ಕಡೆ ಯಾಕೆ ಇಷ್ಟು ತಿಂದಿದೆ? ಮಳೇಲಿ ಈ ಕಡೆ ಓಪನ್ ಇಟ್ಕೊಂಡು ಓಡಿಸ್ತಿದ್ರಾ?" ಎಂದರು ಭಾಯಿ. ಅವರು ಸರಿಯಾಗಿಯೇ ಊಹಿಸಿದ್ದರು. ಜೋರು ಮಳೆಯಲ್ಲದಿದ್ದರೆ ಅಮ್ಮ ತನ್ನ ಬದಿಯ ಕ್ಯಾನ್‌ವಾಸನ್ನು ಮಡಿಸಿಯೇ ಇಡುತ್ತಿದ್ದರು. ಮೈಗೆ ಒಂದು ಹಳೆಯ ಕಂಬಳಿ, ಮುಖಕ್ಕೆ ಎರಚಲು. "ನೆನೀತೀಯ" ಎಂದು ತಂದೆಯವರು, "ಒಣಗ್ತೀನಿ" ಎಂದು ಅಮ್ಮ. ಅಮ್ಮನೇನೋ ಒಣಗಿದರು. ಆ ತಗಡನ್ನು ಭಾಯಿ ಸುತ್ತಲೂ ಕತ್ತರಿಸಿ ತೆಗೆದರು. ಗುಜರಿಯವನು ಅದನ್ನು ತೂಕಕ್ಕೆ ಕೊಂಡ. ತುಕ್ಕಿಗೂ ಕಬ್ಬಿಣದ ಬೆಲೆಯೇ.

ಹೊಸ ತಗಡು ಕೂರಿಸಿ, ಬೆಸೆದು, ರೆಡ್ ಆಕ್ಸೈಡ್ ಬಳಿದು ಮುಗಿಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದುರು ನಿಂತಿತು. ಹಳೆಯ ಕಾರನ್ನು ಮೊದಲಿನ ಸ್ಥಿತಿಗೆ ತರುತ್ತೇವೆ ಎನ್ನುವವರೆಲ್ಲ 'ಮೊದಲು' ಎಂದರೆ ಯಾವಾಗ ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ದಿವಸವೇ? ಹಾಗೆನ್ನುವ ಪಂಡಿತರು ಬಹಳ ಮಂದಿ ಇದ್ದಾರೆ. ಬೋಲ್ಟಿನ ತಲೆಯ ಮೇಲಿನ ಅಕ್ಷರವೂ ಆಗಿನದೇ ಆಗಿರಬೇಕೆನ್ನುತ್ತಾರೆ. ನನಗೆ ಅವರ ಶ್ರದ್ಧೆಯಲ್ಲಿ ಗೌರವವಿದೆ. ಆದರೆ ಆ ಲೆಕ್ಕದಲ್ಲಿ ನಮ್ಮ ಮನೆಯವರು ಯಾರೂ ಆ ಕಾರಿನಲ್ಲಿ ಕೂರಲೇ ಇಲ್ಲವೆಂದಾಗುತ್ತದೆ. ನಾನು ತರಬೇಕೆಂದುಕೊಂಡದ್ದು 1966ರ ಕಾರನ್ನು, ಕ್ಯಾನ್‌ವಾಸಿನದನ್ನು.

ಕಾಯಿದೆ ಒಪ್ಪಬೇಕಲ್ಲ? 'ಮೈಸೂರು ರಾಜ್ಯ' ಎಂದು ಅಚ್ಚಾದ ಆರ್.ಸಿ. ಪುಸ್ತಕದಲ್ಲಿ ಬಾಡಿಯ ನಮೂನೆ 'ಸಲೂನ್' ಎಂದಿದೆ. ತಯಾರಕರು ಮಾಡಿದ ರೂಪವನ್ನು ಮನಬಂದಂತೆ ಬದಲಾಯಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. ಐವತ್ತು ವರ್ಷ ಮೀರಿದ ವಾಹನಗಳಿಗೆಂದೇ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನಿಯಮಗಳನ್ನು ಹೊರಡಿಸಿತು. ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ. ಆದರೆ ವಾಹನ ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗಿರಕೂಡದು. ಮೇಲಾಗಿ ಪ್ರದರ್ಶನ, ರ್‍ಯಾಲಿ, ರಿಪೇರಿಗಳಂಥ ಕಾರಣವಿಲ್ಲದೆ ರಸ್ತೆಗೆ ತರಕೂಡದು. ತವರಿಗೆ ಹೋಗಿಬರುವುದು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಸಾಧಾರಣ ನೋಂದಣಿಯನ್ನೇ ನವೀಕರಿಸುವುದೆಂದು ನಿಶ್ಚಯಿಸಿದೆ. ಅದಕ್ಕೂ ಎರಡು ವಸ್ತು ಬೇಕಾಯಿತು. ಒಂದು, ಪುಸ್ತಕದಲ್ಲಿರುವ ಪ್ರಕಾರ ತಲೆಯ ಮೇಲೆ ಟಾಪು. ಎರಡು, ಕಾರು ಇನ್ನೂ ತಂದೆಯವರ ಹೆಸರಿನಲ್ಲಿರುವುದರಿಂದ, ನನ್ನ ಹೆಸರಿಗೆ ಬರಲು ಇನ್ನೊಬ್ಬ ವಾರಸುದಾರನ ಒಪ್ಪಿಗೆಯ ರುಜು.

ಎರಡೂ ಒಬ್ಬನ ಹತ್ತಿರವೇ ಇದ್ದುವು.

ಟೆಲಿಫೋನು ಮಾಡಬಹುದಾಗಿತ್ತು. ಆದರೆ ಟೆಲಿಫೋನಿನಲ್ಲಿ 'ಇಲ್ಲ' ಎನ್ನುವುದು ಸುಲಭ. ಎದುರಿಗೆ ಬಂದು ಕೂತವನಿಗೆ ಮೊದಲು ಊಟ ಹಾಕಿ ಆಮೇಲೆ 'ಇಲ್ಲ' ಎನ್ನಬೇಕು. ಮೈಸೂರಿನಿಂದ ರಾತ್ರಿಯ ಬಸ್ಸಿಗೆ ಹೊರಟು ಬೆಳಿಗ್ಗೆ ಊರಿಗೆ ಹೋದೆ. ಅಣ್ಣ ಜಗಲಿಯಲ್ಲಿ ಕೂತು ಅಡಕೆ ಸುಲಿಯುವವರ ಲೆಕ್ಕ ಬರೆಯುತ್ತಿದ್ದ. ಕನ್ನಡಕದ ಮೇಲಿಂದ ನೋಡಿ, "ಎಂತ ಮಾರಾಯ, ದಾರಿ ತಪ್ಪಿತಾ?" ಎಂದ. ಅತ್ತಿಗೆ ಒಳಗಿನಿಂದ, "ಆಸ್ರಿಗೆ ಎಂತ ಕೊಡ್ಲಿ?" ಎಂದು ಕೇಳಿದರು. ಮಜ್ಜಿಗೆ ಬಂತು. ತೋಟದ ಕೊಳೆರೋಗ, ನನ್ನ ಮೊಣಕಾಲು ನೋವು, ಅಡಕೆಯ ಧಾರಣೆ, ಎಲ್ಲವೂ ಆಯಿತು. ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ ಕೂಡ ಆಯಿತು. ಕಾರಿನ ಮಾತನ್ನು ನಾನು ತೆಗೆಯಲಿಲ್ಲ, ಅವನು ಕೇಳಲಿಲ್ಲ. ಕೈ ತೊಳೆಯಲು ಹಿಂದಕ್ಕೆ ಹೋದಾಗ ಅದು ತಾನಾಗಿಯೇ ಕಣ್ಣಿಗೆ ಬಿತ್ತು.

ಬಚ್ಚಲೊಲೆಯ ಪಕ್ಕದಲ್ಲಿ ಸೌದೆಯ ಒಟ್ಟಿಲು. ಅದರ ಮೇಲೆ ಕವುಚಿಹಾಕಿದ ಆಮೆಯ ಚಿಪ್ಪಿನಂತೆ ಹೆರಾಲ್ಡಿನ ಟಾಪು. ಹಿಂದಿನ ಗಾಜಿನ ಜಾಗಕ್ಕೆ ಅಡಕೆಹಾಳೆ ಹೊಂದಿಸಿ ಕಟ್ಟಿದ್ದರು. ಅಟ್ಟ ಇಳಿಸಿದಾಗ ಹೊರಗೆ ಬಂದದ್ದು, ಮೂವತ್ತು ವರ್ಷದಿಂದ ಅಲ್ಲೇ ಇದೆಯಂತೆ. ಮೂವತ್ತು ಮಳೆಗಾಲ! ನಾನು ಹತ್ತಿರ ಹೋಗಿ ಭಾಯಿಯಂತೆ ಅಂಗೈ ಎಳೆದೆ. ಕೈ ಕಪ್ಪಾಯಿತು. ಮಸಿ, ಅದರ ಕೆಳಗೆ ಜಿಡ್ಡು. ಉಗುರಿನಿಂದ ಕೆರೆದರೆ ಕೆಳಗೆ ತಗಡು ತಣ್ಣಗೆ, ನುಣ್ಣಗೆ. ಎಲ್ಲೂ ಒಂದು ಗುಳ್ಳೆಯಿಲ್ಲ.

"ಎಣ್ಣೆ ಬಳಿದದ್ದು ಯಾರು?" ಎಂದೆ.

"ಟಿಲ್ಲರಿಂದು ಕರಿ ಎಣ್ಣೆ ತೆಗೀತೀವಲ್ಲ, ವರ್ಷಾ ಮಳೆ ಹಿಡಿಯೂಕೆ ಮುಂಚೆ ಒಂದು ಕೈ ಬಳೀತೀನಿ" ಎಂದ ಅಣ್ಣ.

"ಎಂತಕ್ಕೆ?"

"ಸೌದೆ ನೆನೆಯೂದು ಬ್ಯಾಡ ಅಂತ."

ಸೌದೆ ನೆನೆಯದಿರಲು ಟಾಪಿನ ಒಳಮೈಗೂ ಎಣ್ಣೆ ಬಳಿಯಬೇಕೆ ಎಂದು ನಾನು ಕೇಳಲಿಲ್ಲ. ಒಳಮೈಗೂ ಬಳಿದಿತ್ತು.

ಆಗ ಕಾರಿನ ವಿಷಯ, ಆರ್.ಸಿ. ಪುಸ್ತಕದ ವಿಷಯ, 52ನೆಯ ವಿಧಿಯ ವಿಷಯ ಎಲ್ಲವನ್ನೂ ಹೇಳಿದೆ. ಅವನು ಕವಳ ಹಾಕಿಕೊಂಡು ಕೇಳಿದ. ಟಾಪು ಹಾಕಿದ ಕಾರೆಂದರೆ ಅವನಿಗೆ ಸಂತೋಷವಾದೀತೆಂದು ನಾನು ಎಣಿಸಿದ್ದೆ. ಅವನು ಮೊದಲು ಕಂಡದ್ದು ಅದನ್ನೇ ಅಲ್ಲವೇ? ಕವಳ ಉಗಿದು ಬಂದು, "ಟಾಪು ಹಾಕಿದ್ರೆ ಅಮ್ಮ ಹತ್ತೂದಿಲ್ಲ ಮಾರಾಯ" ಎಂದ.

ನಾವಿಬ್ಬರೂ ಸ್ವಲ್ಪ ಹೊತ್ತು ಸೌದೆಯನ್ನು ನೋಡುತ್ತಾ ನಿಂತೆವು.

ಕಡೆಗೆ ಮಾತು ವ್ಯವಹಾರಕ್ಕೆ ಇಳಿಯಿತು. "ಟಾಪು ನೀ ಕೊಂಡು ಹೋದ್ರೆ ಸೌದೆಗೆ ಎಂತ ಮುಚ್ಚಲಿ?" ಎಂಬುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಮಧ್ಯಾಹ್ನವೇ ಇಬ್ಬರೂ ತೀರ್ಥಹಳ್ಳಿಗೆ ಹೋಗಿ ನಾಲ್ಕು ಜಿಂಕ್ ಷೀಟು ತಂದೆವು. ಹಣ ನಾನು ಕೊಟ್ಟೆ. ಆಳಿನ ಕೂಲಿ ಅವನು ಕೊಟ್ಟ. ಹೊಸ ಮಾಡು ಏರಿದ ಮೇಲೆ ಟಾಪನ್ನು ಇಳಿಸಿ, ಬೈಹುಲ್ಲು ಸುತ್ತಿ, ಅಡಕೆ ಮೂಟೆಗಳ ಜೊತೆ ಶಿವಮೊಗ್ಗದ ಲಾರಿಗೆ ಹಾಕಿದೆವು. ಒಪ್ಪಿಗೆಯ ಕಾಗದಕ್ಕೆ ಅವನು ರುಜು ಹಾಕಿದ್ದು ಲಾರಿಯ ಬಾನೆಟ್ಟಿನ ಮೇಲೆ, ಓದದೆ. ನೀರಿನ ವಿಚಾರವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಹಾಗೆಯೇ ಇದೆ.

ಟಾಪು ಈಗ ನಮ್ಮ ಹಿತ್ತಲಿನ ಗೋಡೆಗೆ ಒರಗಿ ನಿಂತಿದೆ. ಸೀಮೆಎಣ್ಣೆಯಲ್ಲಿ ಮಸಿ ತೊಳೆದಾಗ ಬಣ್ಣದ ಜಗಳವೊಂದು ಮುಗಿಯಿತು. ಕಾರಿನ ಮೂಲದ ಬಣ್ಣ ನೀಲಿಯೆಂದು ನಾನು, ಹಸಿರೆಂದು ಅಣ್ಣ ವಾದಿಸುತ್ತಿದ್ದೆವು. ಒಳಮೈಯಲ್ಲಿ, ಯಾವ ಪೇಂಟರನ ಕೈಯೂ ತಲುಪದ ಮೂಲೆಯಲ್ಲಿ, ಸಿಕ್ಕಿದ ಬಣ್ಣ ತಿಳಿ ಬೂ್ದಿ. ಟೆಲಿಫೋನಿನಲ್ಲಿ ತಿಳಿಸಿದೆ. "ಬೂದಿಯೊಳಗೆ ಹಸಿರು ಛಾಯೆ ಇರ್‍ತದೆ, ಬೆಳಕಲ್ಲಿ ನೋಡು" ಎಂದ. ಈಗ ಭಾನುವಾರ ಭಾನುವಾರ ಫೋನು ಬರುತ್ತದೆ. ಎಂಜಿನ್ನು ಕೂತಿತೇ? ಬ್ರೇಕಿನ ಕೊಳವೆ ಬಂತೇ? ಟ್ರನಿಯನ್ನಿಗೆ ಗ್ರೀಸು ತುಂಬಗೊಡಬೇಡ, ಭಾಯಿಗೆ ಹೇಳು. ಅಪ್ಪನ ಇಂಚಿನ ಸ್ಪ್ಯಾನರು ತಾನೇ ತರುತ್ತಾನಂತೆ. ಟಾಪಿನ ಬೋಲ್ಟಿಗೆ ಬೇರೆ ಸ್ಪ್ಯಾನರು ಮುಟ್ಟಿಸಕೂಡದಂತೆ.

ಬಿಚ್ಚಿ ಮತ್ತೆ ಹಾಕಬಹುದಾದ ಟಾಪನ್ನು ಒಂದು ದಿನದ ಮಟ್ಟಿಗೆ ಬಿಚ್ಚಿದರೆ ಅದು 52ನೆಯ ವಿಧಿಯ ಪ್ರಕಾರ ಮಾರ್ಪಾಡು ಆಗುತ್ತದೆಯೇ ಎಂದು ವಕೀಲ ಗೆಳೆಯರೊಬ್ಬರನ್ನು ಕೇಳಿದ್ದೇನೆ. ಅವರು ಇನ್ನೂ ಪುಸ್ತಕ ನೋಡುತ್ತಿದ್ದಾರೆ. ಅಷ್ಟರಲ್ಲಿ ಪರೀಕ್ಷೆ ಮುಗಿದು ಹೊಸ ಆರ್.ಸಿ. ಕೈಗೆ ಬಂದರೆ, ಮಳೆ ನಿಂತ ಮೇಲೆ ಹೆಬ್ರಿಗೆ ಹೋಗುವುದೆಂದು ಗೊತ್ತಾಗಿದೆ. ಮುಂದಿನ ಎಡಗಡೆಯ ಸೀಟಿನಲ್ಲಿ ಅತ್ತಿಗೆ ಕೂರಬೇಕೆಂಬುದರಲ್ಲಿ ತಕರಾರಿಲ್ಲ. ಅವರಿಗೂ ಘಾಟಿ ಆಗುವುದಿಲ್ಲ. ಟಾಪನ್ನು ತೀರ್ಥಹಳ್ಳಿಯ ಮನೆಯಲ್ಲೇ ಇಳಿಸಿ ಹೊರಡುವುದೋ, ಆಗುಂಬೆಯವರೆಗೆ ಹೊತ್ತುಕೊಂಡು ಹೋಗಿ ಅಲ್ಲಿ ಗುರುತಿನವರ ಜಗಲಿಯಲ್ಲಿ ಇಳಿಸುವುದೋ ಎಂಬ ವಿಚಾರದಲ್ಲಿ ಮಾತ್ರ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಕಳೆದ ಭಾನುವಾರ ಅದೇ ಮಾತಿನಲ್ಲಿ ಮುಕ್ಕಾಲು ಗಂಟೆ ಹೋಯಿತು.